ಎರಡು ಬಣ್ಣದ ಗದ್ದಿಗೆ

ಮಹಾರಾಷ್ಟ್ರದ ಗಡಿಯೊಳಗಿನ ವಲಾಂಡಿಯ ವಿಮಲಾಬಾಯಿಗೆ ಮಗಳ ಮದುವೆಯಲ್ಲಿ ಒಂದೇ ಒಂದು ಆಸೆಯಿತ್ತು. ಬಂಗಾರದ್ದಲ್ಲ, ಬ್ಯಾಂಡಿನದ್ದೂ ಅಲ್ಲ. ಮಗಳು ದಾನೇಶ್ವರಿ ಕೂರುವ ಕಂಬಳಿಯನ್ನು ತಾನು ತನ್ನ ಕೈಯಿಂದ ಹಾಸಬೇಕು, ಅಷ್ಟೇ. ಆ ಮನೆತನದಲ್ಲಿ ಹೆಣ್ಣು ಹೆತ್ತವಳು ಕುರಿಯುಣ್ಣೆಯ ಕಂಬಳಿ ಹಾಸಿ, ಮೇಲೆ ಅಕ್ಕಿಕಾಳು ಚೆಲ್ಲಿ, ‘ಬರ್ರಿ, ಕೂಡ್ರಿ’ ಎಂದು ಕರೆದ ಮೇಲೆಯೇ ಮದುಮಕ್ಕಳು ಕೂರುವುದು. ಗದ್ದಿಗೆ ಹಾಕುವುದು ಎನ್ನುತ್ತಾರೆ ಅದಕ್ಕೆ. ಸ್ಟೇಜಿನ ಮೇಲೆ ಬಾಡಿಗೆಯ ಸೋಫಾ ಬಂದ ಕಾಲದಲ್ಲೂ ಸೋಫಾದ ಮುಂದೆ ಗದ್ದಿಗೆ ತಪ್ಪಿರಲಿಲ್ಲ.

ತೊಡಕು ಏನೆಂದರೆ, ವಿಮಲಾಬಾಯಿಗೆ ಗಂಡನಿಲ್ಲ. ಸಿದ್ಧೇಶ್ವರ ತೀರಿಕೊಂಡ ಮೇಲೆ ಹೊಲ ಅವಳೇ ಮಾಡುತ್ತಾಳೆ. ಸೋಯಾಬೀನು, ತೊಗರಿ ಅವಳೇ ನಿಲಂಗಾದ ಮೋಂಢಾಕ್ಕೆ, ಕಾಳಿನ ಪೇಟೆಗೆ ಒಯ್ದು ಮಾರುತ್ತಾಳೆ. ಟ್ರ್ಯಾಕ್ಟರಿನವನ ಜೊತೆ ಜಗಳವನ್ನೂ ಅವಳೇ ಆಡುತ್ತಾಳೆ. ಇದಕ್ಕೆಲ್ಲ ಅವಳ ಕೈ ನಡೆಯುತ್ತದೆ. ಗದ್ದಿಗೆಗೆ ಮಾತ್ರ ನಡೆಯುವುದಿಲ್ಲ. ಯಾರು ಹೇಳಿದ್ದು ಎಂದರೆ ಭಾವ, ಗಂಡನ ಅಣ್ಣ ವಿಶ್ವನಾಥಪ್ಪ. ಅವನಿಗೆ ಯಾರು ಹೇಳಿದ್ದು ಎಂದರೆ ಹಿರಿಯರು. ಹಿರಿಯರು ಗೋಡೆಯ ಮೇಲೆ ಫೋಟೋದಲ್ಲಿ ಕೂತಿದ್ದಾರೆ, ಅವರನ್ನು ಹೋಗಿ ಕೇಳುವಂತಿಲ್ಲ. ಇದು ವಿಶ್ವನಾಥಪ್ಪನಿಗೆ ಬಹಳ ಅನುಕೂಲವಾಗಿತ್ತು.

ಮದುವೆ ಗೊತ್ತಾದ ವಾರ ಅವನ ಮನೆಯ ಅಟ್ಟದಿಂದ ಮನೆತನದ ಹಳೆಯ ಕಂಬಳಿ ಇಳಿಯಿತು. ಅದರ ಧೂಳು ನೋಡಿ ಅವನ ಹೆಂಡತಿ ಪ್ರಯಾಗಬಾಯಿ, “ಒಂದ ಸಲ ನೀರಾಗ ಹಾಕಿ ತೆಗೀಲೇನ್ರಿ?” ಎಂದಳು.

“ಬ್ಯಾಡ. ಕಂಬಳಿಗಿ ಮೈಲಿಗಿ ಇಲ್ಲ,” ಎಂದ ವಿಶ್ವನಾಥಪ್ಪ. “ಯಾರ ಮುಟ್ಟಿದ್ರೂ, ಯಾರ ಕೂತ್ರೂ ಅದು ಮಡೀನೇ. ಝಾಡಿಸು, ಸಾಕು.”

ಝಾಡಿಸಲು ಇಬ್ಬರು ಬೇಕು. ಅಲ್ಲೇ ನಿಂತಿದ್ದ ವಿಮಲಾಬಾಯಿ ಇನ್ನೊಂದು ಅಂಚಿಗೆ ಕೈ ಹಾಕಿದಳು.

“ನೀ ಬಿಡು ವಿಮಲಾ. ಲಗ್ನದ ಕಂಬಳಿ ಅದು,” ಎಂದ ಭಾವ. ದನಿ ಎತ್ತರಿಸಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. “ಗದ್ದಿಗಿ ಭಿ ಪ್ರಯಾಗಾನೇ ಹಾಕ್ತಾಳ. ಹಿರೇರ ರಿವಾಜ ಅದ, ನಾ ಮಾಡಿದ್ದಲ್ಲ.”

ವಿಮಲಾಬಾಯಿ ಅಂಚು ಬಿಟ್ಟಳು. ಐದು ವರ್ಷದ ಹಿಂದೆ ಇದೇ ಭಾವನ ಮಗಳ ಮದುವೆಯಲ್ಲಿ ಅವಳು ಊಟದ ಮನೆಯ ಬಾಗಿಲಲ್ಲೇ ನಿಂತು ಅಕ್ಷತೆ ಹಾಕಿದ್ದಳು. ಅವತ್ತು ದುಃಖ ಹೊಸದು, ಬಾಯಿ ಬಂದಿರಲಿಲ್ಲ. ಇವತ್ತು ಬಂತು.

“ಹಂಗಾದ್ರ ಇದು ನಿಮ್ಮ ಬಳೀನೇ ಇರಲಿ ಭಾವನೋರ. ನನ್ನ ಮಗಳ ಗದ್ದಿಗಿ ನಾ ತರ್ತೀನಿ. ನಾನೇ ಹಾಸ್ತೀನಿ.”

ವಿಶ್ವನಾಥಪ್ಪ ನಕ್ಕ. ಖರೆ ಉಣ್ಣೆಯ ಕಂಬಳಿ ಈಗ ಯಾವ ಬೆಲೆಗೆ ಸಿಗುತ್ತದೆಂದು ಅವನಿಗೆ ಗೊತ್ತಿತ್ತು, ತಮ್ಮನ ಹೆಂಡತಿಯ ಡಬ್ಬಿಯಲ್ಲಿ ಎಷ್ಟಿದೆ ಎಂಬುದರ ಅಂದಾಜೂ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಉಪದೇಶ ಮಾಡುವವರು ಹಾಸಿಗೆಯನ್ನು ಅಳೆದು ಕೊಟ್ಟವರು ಯಾರೆಂದು ಹೇಳುವುದಿಲ್ಲ.

ಡಬ್ಬಿಯಲ್ಲಿದ್ದದ್ದು ಎಮ್ಮೆಯ ಹಾಲಿನ ಹಣ. ಹೊಲದ ದುಡ್ಡೆಲ್ಲ ಮದುವೆಗೆ ಹೋಗಿತ್ತು. ಅದನ್ನೇ ಸೆರಗಿಗೆ ಕಟ್ಟಿಕೊಂಡು ಮಗಳ ಜೊತೆ ಉದಗೀರಿನ ಬಸ್ಸು ಹತ್ತಿದಳು.

ಉದಗೀರಿನ ದೊಡ್ಡ ದುಕಾನಿನಲ್ಲಿ ತಣ್ಣನೆಯ ಗಾಳಿ, ಗಾಜಿನ ಬಾಗಿಲು. ಮಾರುವ ಹುಡುಗ ಒಂದು ಗಾಲಿಚಾ, ರತ್ನಗಂಬಳಿ, ಬಿಡಿಸಿ, “ಹಾತಾನೆ ವಿಣಲೇಲಾ ಆಹೆ, ಮೌಶಿ,” ಎಂದ. ಕೈಯಿಂದ ನೇಯ್ದದ್ದಂತೆ. ಬೆಲೆ ಕೇಳಿದರೆ ಎಮ್ಮೆ ಮಾರಿದರೂ ಸಾಲದು.

“ಯಾರ ಕೈಲೆ ನೇಯ್ದದ್ದಪ್ಪ?” ಎಂದಳು ವಿಮಲಾಬಾಯಿ. ಹುಡುಗ ಬೆಲೆಯ ಚೀಟಿ ತಿರುಗಿಸಿ ತೋರಿಸಿದ. ಅವಳು ಮಗಳ ಕಡೆ ತಿರುಗಿ, “ಕೈಗಿ ಹೆಸರಿಲ್ಲ, ಬೆಲಿ ಮಾತ್ರ ಅದ,” ಎಂದಳು.

ಅಗ್ಗದ್ದೊಂದು ತೋರಿಸಿದ. ಮೇಲೆ ಗುಲಾಬಿ ಹೂವು, ಕೆಳಗೆ ರಬ್ಬರು. ದಾನೇಶ್ವರಿ ನಿಲಂಗಾದ ಒಂದು ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಜಗಳ ಎಂದರೆ ದೂರ ಸರಿಯುವವಳು. “ಅವ್ವಾ, ಇದೇ ತೊಗೋ. ದೂರಿಂದ ಯಾರಿಗಿ ತಿಳೀತದ?” ಎಂದಳು ಮೆಲ್ಲಗೆ.

“ನನಗ ತಿಳೀತದ. ಕುರಿ ಬೆನ್ನಿಗಿ ರಬ್ಬರ ಇರ್ತದೇನ?”

ಮುಂದಿನ ವಾರ ಔರಾದ ಶಹಾಜನಿಯ ಸಂತೆ. ಅಲ್ಲಿ ಟೆಂಪೋದ ಮೇಲಿಂದ ಕಂಬಳಿಗಳನ್ನು ಕೂಗಿ ಕೂಗಿ ಮಾರುತ್ತಿದ್ದರು. ಮಿಲ್ಲಿನ ಮಾಲು, ಚಿಂದಿ ಅರೆದು ಮಾಡಿದ್ದು, ಮುಟ್ಟಿದರೆ ಕೈಗೆ ನಾರು ಬರುತ್ತಿತ್ತು. ವಿಮಲಾಬಾಯಿ ಟೆಂಪೋ ಬಿಟ್ಟು, ಪಕ್ಕದಲ್ಲಿ ಟಗರು ಹಿಡಿದು ನಿಂತಿದ್ದ ಮುದುಕನ ಹೆಗಲ ಮೇಲಿನ ಕರಿ ಕಂಬಳಿ ಮುಟ್ಟಿ ನೋಡಿದಳು. “ಕಾಕಾ, ಇದು ಎಲ್ಲಿ ಮಾಡಿಸೀರಿ?” ಎಂದು ಕೇಳಿದಳು. ಗಡಿಯಾಚೆ ಕರ್ನಾಟಕದ ಒಂದು ವಾಡಿಯ ಹೆಸರು ಹೇಳಿ, ನೇಕಾರ ಮಾಳಪ್ಪನ ಮನೆ ಕೇಳು ಎಂದ ಮುದುಕ. ಭಾಲ್ಕಿ ಕಡೆಯಿಂದ ಸೊಸೆಯಾಗಿ ಬಂದವಳಿಗೆ ಗಡಿ ಯಾವ ಲೆಕ್ಕ? ಶೇರ್ ರಿಕ್ಷಾ ಹಿಡಿದು ತಾಯಿ ಮಗಳು ಅವತ್ತೇ ಹೋದರು.

ಮಾಳಪ್ಪ ಕುಣಿಮಗ್ಗದೊಳಗೆ ಸೊಂಟದ ತನಕ ಇಳಿದು ಕೂತಿದ್ದ. ಮನೆಯ ತುಂಬ ಹುಣಸೆಬೀಜದ ಗಂಜಿಯ ವಾಸನೆ. ತೋರಿಸಿದ ಕಂಬಳಿ ಕಂಬಳಿಯೇ, ಅನುಮಾನವಿಲ್ಲ. ಬೆಲೆಯೂ ಅದರಂತೆಯೇ ಇತ್ತು.

“ಕಡಿಮಿ ಆಗಂಗಿಲ್ಲೇನಣ್ಣಾ?”

“ಅಕ್ಕಾ, ಕುರಿ ಕತ್ತರಿಸಾಂವ ಒಬ್ಬ, ನೂಲಾಕಿ ಒಬ್ಬಾಕಿ, ಗಂಜಿ ಹಚ್ಚಾಕಿ ಒಬ್ಬಾಕಿ, ನೇಯಾಂವ ನಾ. ಯಾರ ಪಾಲ ಕಡಿಮಿ ಮಾಡ್ಲಿ, ನೀವೇ ಹೇಳ್ರಿ.”

ಟ್ರ್ಯಾಕ್ಟರಿನವನ ಬೆವರಿಳಿಸುವ ವಿಮಲಾಬಾಯಿ ಇಲ್ಲಿ ಚೌಕಾಸಿ ಬಿಟ್ಟಳು. ತನ್ನ ಹಾಲಿಗೆ ಡೈರಿಯವನು ಬೆಲೆ ಮುರಿದಾಗ ಅವಳ ಮೈ ಉರಿಯುತ್ತಿತ್ತು. ಅದೇ ಕೆಲಸ ತಾನು ಮಾಡಲು ಮನಸ್ಸು ಬರಲಿಲ್ಲ. ಎದ್ದು ಹೊರಟವಳ ಕಣ್ಣಿಗೆ ಗೋಡೆಯ ಗೂಟಕ್ಕೆ ತೂಗುಬಿಟ್ಟಿದ್ದ ಎರಡು ಉದ್ದನೆಯ ತುಂಡುಗಳು ಬಿದ್ದವು. ಒಂದು ಕರಿದು, ಒಂದು ಕೆಂಚು ಬಣ್ಣದ್ದು.

“ಅವೇನು?”

ಮಾಳಪ್ಪನ ಮಗ್ಗ ಅಗಲದಲ್ಲಿ ಸಣ್ಣದು. ಕಂಬಳಿಯನ್ನು ಎರಡು ಉದ್ದ ತುಂಡುಗಳಾಗಿ ನೇಯ್ದು, ಆಮೇಲೆ ನಡುವೆ ಹೊಲಿದು ಒಂದು ಮಾಡುತ್ತಾರೆ. ಕರಿದರ ಜೋಡಿ ತುಂಡನ್ನು ಇಲಿ ಕಡಿದಿತ್ತು. ಕೆಂಚು ಕುರಿಗಳ ಉಣ್ಣೆ ಒಂದೇ ತುಂಡಿಗೆ ಮುಗಿದುಹೋಗಿ ಅದರ ಜೋಡಿ ಹುಟ್ಟಲೇ ಇಲ್ಲ.

“ಜೋಡಿ ಇಲ್ಲದ ತುಂಡು ಅಕ್ಕಾ. ಹಂಗೇ ಬಿದ್ದಾವ. ಲಗ್ನಕ್ಕಂತೂ ಯಾರೂ ಮುಟ್ಟಂಗಿಲ್ಲ.”

ವಿಮಲಾಬಾಯಿಗೆ ಆ ಮಾತು ತನಗೇ ತಾಗಿತು. ಮಾಳಪ್ಪ ಪಾಪ, ಕಂಬಳಿಯ ಮಾತು ಹೇಳಿದ್ದ.

“ಉಣ್ಣಿ ಖರೇ ಅದನೋ ಇಲ್ಲೋ?”

“ಖರೇ ಅದ.”

“ನೇಯ್ಗಿ ಗಟ್ಟಿ?”

“ನನಕ್ಕಿಂತ ಗಟ್ಟಿ.”

“ಮತ್ತ ಜೋಡಿ ಹೋಯ್ತಂದ್ರ ಅದರದೇನು ತಪ್ಪು? ಎರಡೂ ಇಳಸು. ಜೋಡಿ ನಾ ಮಾಡ್ತೀನಿ.”

ಮಾಳಪ್ಪ ಹೇಳಿದ ಬೆಲೆ ಡಬ್ಬಿಯೊಳಗೆ ಕೂತಿತು, ರಿಕ್ಷಾಕ್ಕೂ ಉಳಿಯಿತು. ಹೊಲಿಗೆ ಅವನ ಹೆಂಡತಿಯ ಕೆಲಸ, ಅದಕ್ಕೆ ಬೇರೆ ದುಡ್ಡು. ಬ್ಯಾಡ, ನಾನೇ ಹೊಲಿಯುತ್ತೇನೆ ಎಂದಳು ವಿಮಲಾಬಾಯಿ. ಮಾಳಪ್ಪ ಒಂದು ಉಂಡೆ ಉಣ್ಣೆಯ ದಾರ ಸುಮ್ಮನೆ ಕೊಟ್ಟ, ಉದ್ದನೆಯ ದಬ್ಬಣವನ್ನೂ ಕೊಟ್ಟ. “ದಾರ ನಿಮ್ದು. ದಬ್ಬಣ ಮಾತ್ರ ವಾಪಸ ಕಳಸ್ರಿ ಅಕ್ಕಾ,” ಎಂದ.

ಒಳಮನೆಯಲ್ಲಿ ಕದ ಹಾಕಿಕೊಂಡು ಹೊಲಿಯಬಹುದಿತ್ತು. ವಿಮಲಾಬಾಯಿ ಬೀದಿಯ ಕಟ್ಟೆಯ ಮೇಲೆ ಕೂತಳು. ನೀರಿಗೆ ಹೋಗುವವರು, ಹಾಲಿಗೆ ಬರುವವರು ಎಲ್ಲರೂ ನೋಡಲಿ ಎಂದೇ ಕೂತಳು. ಏನದು ಎಂದವರಿಗೆಲ್ಲ, “ಮಗಳ ಗದ್ದಿಗಿ. ನಾ ಹಾಸೋದು,” ಎಂದು ಹೇಳಿದಳು. ಊರಿನ ತುಂಬ ಮಾತು ಹರಿಯಿತು. ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಆರಿಸುವ ಮಂದಿ, ಹೊಲಿಗೆ ವಾರೆಯಾಗಿದೆ ಎಂದರು, ಬಣ್ಣ ಹೊಂದುವುದಿಲ್ಲ ಎಂದರು.

ಗಂಜಿ ಕುಡಿದ ಉಣ್ಣೆ ಹಲಗೆಯ ಹಾಗೆ ಬಿರುಸಾಗಿತ್ತು. ದಬ್ಬಣ ತೂರಿಸಿ ತೂರಿಸಿ ಹೆಬ್ಬೆರಳು ಊದಿತು. ಒಮ್ಮೆ ಚುಚ್ಚಿ ರಕ್ತ ಬಂದಾಗ ಅವಳಿಗೆ ಗಂಡ ನೆನಪಾದ. ಅವನಿದ್ದಿದ್ದರೆ ಈ ಹಟ ಯಾತಕ್ಕೆ ಬೇಕಿತ್ತು ಎನಿಸಿತು. ಅಳು ಬಂತು, ಅತ್ತಳು. ಅಳುತ್ತಲೇ ಹೊಲಿದಳು.

ಪ್ರಯಾಗಬಾಯಿ ಬಂದು ಪಕ್ಕದಲ್ಲಿ ಕೂತು ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಇಷ್ಟ್ಯಾಕ ಒತ್ತಿ ಒತ್ತಿ ಹಾಕ್ಲಿಕತ್ತಿ ತಂಗಿ?”

“ಬಿಚ್ಚಬೇಕಂದಾಂವಗ ಬೆವರ ಬರಬೇಕಕ್ಕಾ.”

ದಾನೇಶ್ವರಿಗೆ ಬೇರೆಯದೇ ಚಿಂತೆ. “ಅವ್ವಾ, ಒಂದ ಕಡಿ ಕರಿ, ಒಂದ ಕಡಿ ಕೆಂಚು. ಮಾಣಿಕಬಾಯಿ ಅತ್ತಿ ಏನಂತಾರೋ.” ಮಾಣಿಕಬಾಯಿ ಎಂದರೆ ಹುಡುಗನ ತಾಯಿ, ಉದಗೀರಿನವಳು, ಬಾಯಿಗೆ ಹೆಸರಾದವಳು.

“ನೀ ಕರಿ ಇದ್ದಿ, ಆಕಿ ಮಗ ಕೆಂಪ ಇದ್ದಾನ. ನಿಮ್ಮಿಬ್ಬರ ಜೋಡಿಗಿ ಬ್ಯಾಡ ಅನಲಿಲ್ಲಲ್ಲ, ಇದಕ್ಯಾಕ ಅಂತಾಳ?” ಎಂದಳು ತಾಯಿ. ದಾನೇಶ್ವರಿ ನಗಬಾರದು ಎಂದುಕೊಂಡೇ ನಕ್ಕಳು.

ಮದುವೆ ನಿಲಂಗಾದ ಮಂಗಲ ಕಾರ್ಯಾಲಯದಲ್ಲಿ. ಸ್ಟೇಜಿನ ಮೇಲೆ ಕೆಂಪು ಮಖಮಲ್ಲಿನ ಸೋಫಾ, ಹಿಂದೆ ಪ್ಲಾಸ್ಟಿಕ್ ಹೂವು. ಮದುವೆ ಮಾಡಿಸುವ ಅಯ್ಯನವರು ಗದ್ದಿಗೆ ಹಾಕಿಸಿರಿ ಎಂದ ಕೂಡಲೇ ಪ್ರಯಾಗಬಾಯಿ ಹಳೆಯ ಕಂಬಳಿ ಎತ್ತಿಕೊಂಡು ಗಂಡನ ಹಿಂದೆ ಒಂದು ಕಡೆಯಿಂದ ಹತ್ತಿದಳು. ವಿಮಲಾಬಾಯಿ ಎರಡು ಬಣ್ಣದ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ಇನ್ನೊಂದು ಕಡೆಯಿಂದ ಹತ್ತಿದಳು. ಕೆಳಗೆ ಬೀಗರು, ಬಿಜ್ಜರು, ಮೊದಲ ಸಾಲಿನಲ್ಲಿ ಮಾಣಿಕಬಾಯಿ. ವಿಡಿಯೋದವನು ಕ್ಯಾಮೆರಾ ತಿರುಗಿಸಿದ.

“ಇದೇನು ತಮಾಷಾ ವಿಮಲಾ? ಇಳಿ ಕೆಳಗ,” ಎಂದ ವಿಶ್ವನಾಥಪ್ಪ, ನಗುವ ಮುಖ ಇಟ್ಟುಕೊಂಡೇ.

“ತಮಾಷಾ ಅಲ್ರಿ. ಗದ್ದಿಗಿ.”

ಅವನು ಒಮ್ಮೆ ಜನರ ಕಡೆ ನೋಡಿದ. ವ್ಯವಹಾರ ಬಲ್ಲವನು, ಅರ್ಧ ಬಿಟ್ಟು ಅರ್ಧ ಉಳಿಸಿಕೊಳ್ಳುವ ವಿದ್ಯೆ ಗೊತ್ತಿತ್ತು. “ಆಯ್ತು, ನೀ ತಂದದ್ದೇ ಹಾಸೋಣು. ಆದ್ರ ಪ್ರಯಾಗ ಹಾಸ್ತಾಳ. ನೀ ಕೈ ಹಚ್ಚಬ್ಯಾಡ.”

“ಕಂಬಳಿಗಿ ಮೈಲಿಗಿ ಇಲ್ಲಂತ ನೀವೇ ಅಂದೀರಿ. ಯಾರ ಮುಟ್ಟಿದ್ರೂ ಮಡಿ ಅಂತ.”

“ಕಂಬಳಿಗಿ ಇಲ್ಲ. ಕೈಗಿ ಅದ.”

ಮಾತು ಹಾಗೆ ನೆಟ್ಟಗೆ ಬಂದು ಬಿತ್ತು. ಅವನಿಗೇ ಅದು ಸ್ವಲ್ಪ ಹೆಚ್ಚಾಯಿತು ಎನಿಸಿರಬೇಕು, ಕೆಳಗೆ ನೋಡಿದ. ವಿಮಲಾಬಾಯಿ ಇಳಿಯಲಿಲ್ಲ. ಈಗ ಇಳಿದರೆ ಇನ್ನು ಜೀವಮಾನವಿಡೀ ಬಾಗಿಲಲ್ಲೇ ನಿಲ್ಲುವುದು ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮಾಲೆಗಳ ತಟ್ಟೆಯಲ್ಲಿ ಹೂವಿನವನು ಬಿಟ್ಟುಹೋದ ಕತ್ತರಿಯಿತ್ತು. ಅದನ್ನೆತ್ತಿ ಹಿಡಿ ಮುಂದು ಮಾಡಿ ಭಾವನಿಗೆ ಚಾಚಿದಳು. ಮುಂದೆ ಬಂದದ್ದನ್ನು ಹಿಡಿಯುವ ಅಭ್ಯಾಸಕ್ಕೆ ಅವನು ಹಿಡಿದುಬಿಟ್ಟ.

ಅವಳು ಕಂಬಳಿಯನ್ನು ಎತ್ತಿ ನಡುವಿನ ಹೊಲಿಗೆ ಎಲ್ಲರಿಗೂ ಕಾಣುವಂತೆ ಹಿಡಿದಳು.

“ಈ ಹೊಲಿಗಿ ನನ್ನ ಕೈದು. ಮ್ಯಾಲಿಂದ ಕೆಳಗಿನ ತನಕ. ನನ್ನ ಕೈ ಬ್ಯಾಡಂದ್ರ ಇದು ಭಿ ಬ್ಯಾಡ. ಬಿಚ್ಚ್ರಿ ಭಾವನೋರ. ಕರೀದರ ಮ್ಯಾಲ ನನ್ನ ಮಗಳು ಕೂಡ್ತಾಳ, ಕೆಂಚಿನ ಮ್ಯಾಲ ಅಳಿಯ ಕೂಡ್ತಾನ. ಬ್ಯಾರೆ ಬ್ಯಾರೆ. ಮಾಡ್ರಿ ಲಗ್ನ.”

ಅಕ್ಷತೆಯ ಹೊತ್ತಿಗೆ ಮದುಮಕ್ಕಳ ಗದ್ದಿಗೆಯನ್ನು ನಡುವೆ ಕತ್ತರಿಸುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ವಿಶ್ವನಾಥಪ್ಪ ಕತ್ತರಿಯನ್ನು ಬಿಸಿ ಬಟ್ಟಲಿನಂತೆ ಹಿಡಿದು ನಿಂತ. ಇಡಲೂ ಆಗದು, ಆಡಿಸಲೂ ಆಗದು. ಅಯ್ಯನವರು ಗಡಿಯಾರ ನೋಡಿದರು.

ಎದ್ದವಳು ಮಾಣಿಕಬಾಯಿ. “ಏ ಬೀಗರ! ಕತ್ತರಿ ದೂರ ಹಿಡೀರಿ ಮೊದಲ! ನನ್ನ ಮಗನ ಲಗ್ನದಾಗ ಹೊಲಿಗಿ ಬಿಚ್ಚೋರೇನ್ರಿ ನೀವು? ಹೊಲಿದಾಕಿ ಹಾಸಲಿ, ಹೊತ್ತ ಮೀರ್ಲಿಕತ್ತದ!” ವಿಮಲಾಬಾಯಿಯ ಮೇಲಿನ ಪ್ರೀತಿಗೆ ಹೇಳಿದ್ದಲ್ಲ ಅದು, ಮಗನ ಸಂಸಾರದ ಹೆದರಿಕೆಗೆ ಹೇಳಿದ್ದು. ಇರಲಿ, ಕೆಲಸಕ್ಕೆ ಬಂತು.

ವಿಮಲಾಬಾಯಿ ಕಂಬಳಿ ಬಿಡಿಸಿದಳು. ಬಿರುಸು ಕಂಬಳಿ ಒಬ್ಬಳ ಕೈಗೆ ಬಗ್ಗುವುದಿಲ್ಲ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಪ್ರಯಾಗಬಾಯಿ ಗಂಡನ ಮುಖ ನೋಡಲಿಲ್ಲ. ಹಳೆಯ ಕಂಬಳಿಯನ್ನು ಮಖಮಲ್ಲಿನ ಸೋಫಾದ ಮೇಲೆ ಹಾಕಿ ಬಂದು, “ಆ ಅಂಚ ನನ್ನ ಕಡಿ ಕೊಡು ತಂಗಿ,” ಎಂದಳು. ಇಬ್ಬರೂ ಎಳೆದು ಹಾಸಿದರು. ವಿಮಲಾಬಾಯಿ ನಡುವಿನ ಹೊಲಿಗೆಯ ಉದ್ದಕ್ಕೂ ಅಕ್ಕಿಕಾಳು ಚೆಲ್ಲಿದಳು.

“ಬರ್ರಿ, ಕೂಡ್ರಿ,” ಎಂದಳು. ಇನ್ನೊಮ್ಮೆ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದಳು, “ಬರ್ರಿ, ಕೂಡ್ರಿ.”

ದಾನೇಶ್ವರಿ ಕರಿದರ ಮೇಲೆ ಕೂತಳು, ಮದುಮಗ ಸಂಜುಕುಮಾರ ಕೆಂಚಿನ ಮೇಲೆ. ಹೊಸ ಉಣ್ಣೆ ಚುಚ್ಚಿ ಅವನು ಸ್ವಲ್ಪ ಮಿಸುಕಾಡಿದ. ಅಕ್ಷತೆಗೆ ಎಲ್ಲರೂ ಎದ್ದರು. ವಿಶ್ವನಾಥಪ್ಪನ ಕೈಯಲ್ಲಿ ಮಾತ್ರ ಇನ್ನೂ ಕತ್ತರಿ.

“ಭಾವನೋರ, ನೀವು ಭಿ ಅಕ್ಷತಿ ಹಾಕಬೇಕಲ್ರಿ. ಅದನ್ನ ಈ ಕಡಿ ಕೊಡ್ರಿ,” ಎಂದು ವಿಮಲಾಬಾಯಿ ಅಂಗೈ ಚಾಚಿದಳು. ಹೆಬ್ಬೆರಳ ಊತ ಇನ್ನೂ ಇಳಿದಿರಲಿಲ್ಲ.

ಅವನು ಆ ಕೈಯನ್ನು ನೋಡಿದ. ಅದರಲ್ಲೇ ಕತ್ತರಿ ಇಟ್ಟ.