ಓದದೆ ಬಿಟ್ಟ ಅಧ್ಯಾಯ

"ಮೊದಲು ಆ ಬೈಬಲ್ ಮುಚ್ಚಿಡು ಅತ್ತೆ! ಬೈಯೋದಿದ್ರೆ ನಿನ್ನ ಬಾಯಲ್ಲೇ ಬೈ. ದೇವರ ಬಾಯಿ ಯಾಕೆ ಕಡ ತರ್ತೀಯ?"

"ಲೋ, ತಂದೆತಾಯೀನ ಸನ್ಮಾನಿಸು ಅಂತ ಬರೆದೋಳು ನಾನಲ್ಲ ಕಣೋ. ಕಲ್ಲಿನ ಮೇಲೆ ಕೆತ್ತಿ ಕೊಟ್ಟಿದ್ದು ಅದು!"

"ಮಕ್ಕಳಿಗೆ ಸಿಟ್ಟೆಬ್ಬಿಸಬೇಡಿ ಅಂತಾನೂ ಅದರಲ್ಲೇ ಇದೆ. ಅದನ್ನ ಓದುವಾಗ ಕನ್ನಡಕ ಎಲ್ಲಿಟ್ಟಿದ್ದೆ?"

ಲಾಂಡ್ರಿಯ ಹಿಂಗೋಣೆಯಲ್ಲಿ ಒದ್ದೆ ಬೆಡ್‌ಶೀಟುಗಳ ಗುಡ್ಡೆಯ ಆಚೆ ಅಳಿಯ, ಈಚೆ ಅತ್ತೆ. ನಡುವೆ ಹಬೆ. ಅತ್ತೆಯನ್ನು ಬೀದಿಯವರು ಬಾಯ್ಲರಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿಯಲ್ಲಿ ಬಾಯ್ಲರ್ ಇದ್ದದ್ದು ಅರ್ಧ ಕಾರಣ. ಉಳಿದರ್ಧ ಅವಳ ಮೂಗಿನ ತುದಿಯಲ್ಲಿತ್ತು.

ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಅವಳ ಗಂಡ ಒಂದು ಕಾಲರನ್ನು ನೀವುತ್ತಾ, "ಸೈತಾನನಿಗೂ ವಾಕ್ಯಗಳೆಲ್ಲ ಬಾಯಿಪಾಠ ಇತ್ತಂತೆ" ಎಂದ.

"ನೀವು ಸುಮ್ನಿರಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆ ವಾರವೆಲ್ಲ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

ಜಗಳದ ಬುಡ ಇಷ್ಟು. ಅಳಿಯ ಬಾಯ್ಲರಮ್ಮನ ತೀರಿಹೋದ ಅಣ್ಣನ ಮಗ. ನೆಟ್ಟಗೆ ಮಾತು ಬರುವ ಮೊದಲೇ ಈ ಮನೆಗೆ ಬಂದವನು, ಬಟ್ಟೆಗಂಟುಗಳ ಮೇಲೆ ಮಲಗಿ ಬೆಳೆದವನು. ಈಗ ಮದುವೆಯಾಗಿತ್ತು, ಮೀಸೆ ದಪ್ಪವಾಗಿತ್ತು. ಅಂಗಡಿಗೆ ಎರಡು ಬಗೆಯ ಕೆಲಸ ಬರುತ್ತಿತ್ತು. ಒಂದು, ಬೀದಿಯ ಜನರ ಅಂಗಿ, ಲಂಗ, ಕೋಟು. ಇನ್ನೊಂದು, ದೊಡ್ಡ ಹೋಟೆಲಿನ ಬೆಡ್‌ಶೀಟು, ಟವಲು. ಮೊದಲನೆಯದರಲ್ಲಿ ಹೊಟ್ಟೆ ತುಂಬುತ್ತಿತ್ತು, ಎರಡನೆಯದರಲ್ಲಿ ಕೈ ತುಂಬುತ್ತಿತ್ತು. ಹೋಟೆಲಿನ ಕೆಲಸ ಹೆಚ್ಚಿದ ಮೇಲೆ ಅಳಿಯ ತನ್ನದೇ ಆಳುಗಳನ್ನು ಇಟ್ಟುಕೊಂಡ. ಅವನ ಆಳುಗಳಿಗೂ ಅವಳ ಆಳುಗಳಿಗೂ ಬಿಸಿನೀರಿಗಾಗಿ ದಿನವೂ ಕಚ್ಚಾಟ. ಆ ನೂಕಾಟದಲ್ಲಿ ಮೇಷ್ಟ್ರೊಬ್ಬರ ಕಪ್ಪು ಕೋಟು ಬ್ಲೀಚಿನ ತೊಟ್ಟಿಗೆ ಬಿದ್ದು ಚಿರತೆಯಾಗಿ ಮೇಲೆ ಬಂತು.

"ಬೇರೆ ಆಗೋಣ. ಹೋಟೆಲ್ ನನಗಿರಲಿ" ಎಂದ ಅಳಿಯ.

ಆ ಹೋಟೆಲಿನ ಹಿಂಬಾಗಿಲಲ್ಲಿ ಬಿಸಿಲಿಗೆ ನಿಂತು, ಕಾವಲುಗಾರನ ಬೈಗುಳ ತಿಂದು, ಕೆಲಸ ಗಿಟ್ಟಿಸಿದವಳು ಬಾಯ್ಲರಮ್ಮ. ಹೋಟೆಲ್ ಬಿಟ್ಟುಕೊಟ್ಟರೆ ಅಂಗಡಿ ಬಡಕಲಾಗುತ್ತದೆ. ಇಟ್ಟುಕೊಂಡರೆ ಹುಡುಗ ಮುನಿದು ಹೋಗುತ್ತಾನೆ. ಹೋಟೆಲಿನ ಮ್ಯಾನೇಜರ್ ಬೇರೆ, "ಸೋಮವಾರ ಯಾರಾದ್ರೂ ಒಬ್ರು ಬಂದು ಮಾತಾಡಿ, ಇಬ್ಬರ ಹತ್ರ ನನ್ನ ಕೈಲಾಗಲ್ಲ" ಎಂದು ಹೇಳಿ ಕಳಿಸಿದ್ದ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಹೊಳೆಯದಿದ್ದಾಗ ಅವಳು ಸತ್ಯವೇದ ತೆಗೆಯುತ್ತಿದ್ದಳು. ಅದಕ್ಕೂ ಒಂದು ಕ್ರಮವಿತ್ತು. ಬೆಳಿಗ್ಗೆ ಬಾಯ್ಲರ್ ಹಚ್ಚಿ, ಹಬೆ ಏರುವವರೆಗೆ ಗಟ್ಟಿಯಾಗಿ ಒಂದು ಅಧ್ಯಾಯ. ನಾಳೆ ಅದರ ಮುಂದಿನದು. ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಈ ವಾರ ಮಾತ್ರ ಆ ಕ್ರಮ ಕೆಟ್ಟಿತ್ತು. ಎಣ್ಣೆಕಲೆಗೊಂದು ಔಷಧಿ, ಶಾಯಿಕಲೆಗೊಂದು ಔಷಧಿ ಎಂದು ಬಾಟಲಿ ಹುಡುಕಿದಂತೆ, ಅಳಿಯನ ತಲೆಗೆ ತಕ್ಕ ವಾಕ್ಯಕ್ಕಾಗಿ ಹಿಂದೆ ಮುಂದೆ ಹಾಳೆ ತಿರುವುತ್ತಿದ್ದಳು.

ಸೋಮವಾರ ಬೆಳಿಗ್ಗೆಯೂ ತಿರುವತೊಡಗಿದಾಗ ಗಂಡ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ. "ಪುಟ ಗುರುತಿನ ರಿಬ್ಬನ್ ಎಲ್ಲಿದೆ ನೋಡು."

"ಎಲ್ಲೋ ಇದೆ."

"ಆದಿಕಾಂಡ ಹನ್ನೆರಡರಲ್ಲಿದೆ. ವಾರದಿಂದ ಅಲ್ಲೇ ಬಿದ್ದಿದೆ. ಹದಿಮೂರು ಯಾಕೆ ಓದಲಿಲ್ಲ?"

ಬಾಯ್ಲರಮ್ಮ ಕೆಮ್ಮಿದಳು. ಸೆರಗಿನಿಂದ ಕನ್ನಡಕ ಒರೆಸಿದಳು. ಅದು ಶುಭ್ರವಾಗಿಯೇ ಇತ್ತು.

"ಮರೆತೆ."

"ಸುಳ್ಳು. ಆಪರೇಷನ್ ದಿನವೂ ಓದಿ ಆಸ್ಪತ್ರೆಗೆ ಹೋದೋಳು ನೀನು. ಅದರಲ್ಲೇನಿದೆ ಅಂತ ಗೊತ್ತು ನಿನಗೆ. ಅದಕ್ಕೇ ದಾರಿ ತಪ್ಪಿಸಿ ಸುತ್ತಾಡ್ತಿದೀಯ, ಸಾಲ ಕೊಟ್ಟವನ ಮನೆ ಮುಂದೆ ಹೋಗದ ಸಾಲಗಾರನ ಹಾಗೆ."

ಗೊತ್ತಿತ್ತು. ಅದು ಅಬ್ರಹಾಮ ಮತ್ತು ಅವನ ತಮ್ಮನ ಮಗ ಲೋಟನ ಕಥೆ. ಅಳಿಯ ಚಿಕ್ಕವನಿದ್ದಾಗ ಆ ಹೆಸರು ಕೇಳಿ, "ನೀರು ಕುಡಿಯೋ ಲೋಟಾನಾ ಅತ್ತೆ?" ಎಂದು ಬಟ್ಟೆಗಂಟಿನ ಮೇಲಿಂದ ಉರುಳಿ ಬೀಳುವಷ್ಟು ನಕ್ಕಿದ್ದ. ಅವಳು ಪುಟ ತೆರೆದು, ಯಾರ ಮೇಲೋ ಹಲ್ಲು ಕಡಿಯುವವಳಂತೆ ಓದಿದಳು. ಇಬ್ಬರಿಗೂ ದನಕುರಿ ಹೆಚ್ಚಿ ಸೀಮೆ ಸಾಲದೆ ಹೋದದ್ದು, ಇಬ್ಬರ ದನಕಾಯುವವರಿಗೂ ಜಗಳ ಹತ್ತಿದ್ದು. ನಮ್ಮಲ್ಲಿ ಕಲಹ ಬೇಡ, ನೀನು ಎಡಕ್ಕಾದರೆ ನಾನು ಬಲಕ್ಕೆ ಹೋಗುತ್ತೇನೆ ಎಂದು ದೊಡ್ಡಪ್ಪನೇ ಮೊದಲು ಹೇಳಿದ್ದು.

ಅಲ್ಲಿಗೆ ನಿಲ್ಲಿಸಿ ಪುಸ್ತಕಕ್ಕೇ ಗದರಿದಳು. "ಹಿರಿಯ ಅವನು. ದೇವರು ಸೀಮೆ ಕೊಡ್ತೀನಿ ಅಂದಿದ್ದು ಅವನಿಗೆ. ಆರಿಸಿಕೋ ಅಂತ ಚಿಕ್ಕವನಿಗೆ ಹೇಳೋದಾ? ಬುದ್ಧಿ ಬೇಡವಾ ಮುದುಕನಿಗೆ?"

"ಅವನ ನಂಬಿಕೆ ದೇವರ ಮೇಲಿತ್ತು, ಹುಲ್ಲುಬಯಲಿನ ಮೇಲಲ್ಲ" ಎಂದ ಗಂಡ. "ನೋಡು ಮಾರಾಯ್ತಿ, ನಿನಗೆ ಬೇಕಾದ್ದನ್ನೇ ಹೇಳೋದಕ್ಕೆ ದೇವರು ಯಾಕೆ ಬೇಕು? ನೀನೇ ಸಾಕು. ಬೇಡದ್ದನ್ನ ಹೇಳಿದಾಗ ಕಿವಿ ಕೊಡು."

ಬಾಯ್ಲರಿನ ಮುಳ್ಳು ಮೇಲೇರಿತು. ಅವಳು ಏಳಲಿಲ್ಲ. ಅಧ್ಯಾಯ ಮುಗಿಸಿದಳು, ಮತ್ತೊಮ್ಮೆ ಮೊದಲಿಂದ ಓದಿದಳು. ಎರಡನೆಯ ಸಲ ಮುಗಿಸುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ವಾರದಿಂದ ಕತ್ತಿಗೆ ಬಿಗಿದುಕೊಂಡಿದ್ದ ಹಗ್ಗ ಸಡಿಲಾದಂತಾಗಿತ್ತು. ಏನು ಮಾಡಬೇಕೆಂದು ಈಗ ಗೊತ್ತಿತ್ತು. ಗೊತ್ತಾದ ಮೇಲೆ ತಡ ಮಾಡುವ ಹೆಂಗಸು ಅವಳಲ್ಲ.

ಅಳಿಯ ಒಳಗೆ ಬರುತ್ತಲೇ ತೋಳು ಮಡಿಸಿ ನಿಂತ. "ಇವತ್ತು ಯಾವ ಅಧ್ಯಾಯದಿಂದ ಒದೆ?"

"ಕೂತ್ಕೊಳ್ಳೋ. ಒದೆ ಇಲ್ಲ. ನಮ್ಮಿಬ್ಬರ ಮಧ್ಯೆ ಜಗಳ ಬೇಡ. ಬೀದಿ ಕೆಲಸ ಒಂದು, ಹೋಟೆಲ್ ಕೆಲಸ ಒಂದು. ಯಾವುದು ಬೇಕೋ ನೀನೇ ಹೇಳು. ಉಳಿದದ್ದು ನನಗೆ."

ಅವನು ಅತ್ತೆಯನ್ನು ನೋಡಿದ, ಮಾವನನ್ನು ನೋಡಿದ. ಎಲ್ಲೋ ಮೋಸವಿದೆಯೇ ಎಂದು ಬೆಡ್‌ಶೀಟುಗಳನ್ನೂ ನೋಡಿದ.

"ನಿಜವಾಗ್ಲೂ?"

"ನನ್ನ ಬಾಯಲ್ಲಿ ಎರಡು ನಾಲಿಗೆ ಇದೆಯಾ?"

"ಇರೋ ಒಂದೇ ನಾಲ್ಕಾಳಿನ ಕೆಲಸ ಮಾಡುತ್ತೆ" ಎಂದ ಮಾವ.

ನೀನೇ ಹಿರಿಯಳು, ನೀನೇ ಆರಿಸಿಕೋ ಅತ್ತೆ ಎಂದು ಅವನು ಹೇಳುತ್ತಾನೆಂದು ಅವಳ ಮನಸ್ಸಿನ ಮೂಲೆಯಲ್ಲೊಂದು ಆಸೆ ಕೂತಿತ್ತು.

"ಹೋಟೆಲ್" ಎಂದ ಅಳಿಯ.

ಕಾದ ಇಸ್ತ್ರಿಪೆಟ್ಟಿಗೆಗೆ ಕೈ ತಾಗಿದಂತಾಯಿತು ಅವಳಿಗೆ. ಲೋಟ ಆರಿಸಿಕೊಂಡ ಹಸಿರು ಬಯಲಿನ ಕೊನೆಯಲ್ಲಿ ಪಾಪದ ಊರು ಸೊದೋಮ್ ಇತ್ತು, ಅದರ ಮೇಲೆ ಬೆಂಕಿ ಸುರಿಯಿತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕುಣಿಯಿತು. ಗಂಡ ಅವಳನ್ನೇ ನೋಡುತ್ತಿದ್ದ. ಬಾಯ್ಲರಮ್ಮ ಆ ಬೆಂಕಿಯನ್ನು ಹಾಗೇ ನುಂಗಿದಳು. ಜೀವಮಾನದಲ್ಲಿ ಅವಳು ನುಂಗಿದ ಮೊದಲ ಮಾತು ಅದೇ ಇರಬೇಕು.

"ಆಯ್ತು. ರೋಲರ್ ಯಂತ್ರಾನೂ ತಗೊಂಡು ಹೋಗು. ಇಸ್ತ್ರಿಗೆ ಬೆಡ್‌ಶೀಟೇ ಇಲ್ಲದ ಮೇಲೆ ಅದು ನನಗ್ಯಾಕೆ? ಸೋಡಾ ಜಾಸ್ತಿ ಸುರೀಬೇಡ, ಟವಲು ಮುಳ್ಳಾಗುತ್ತೆ. ಆ ಮ್ಯಾನೇಜರ್ ಮುಂದೆ ಹಲ್ಲು ಗಿಂಜಬೇಡ, ತಲೆ ಮೇಲೆ ಕೂರ್ತಾನೆ. ದೇವರು ಒಳ್ಳೇದು ಮಾಡ್ಲಿ, ನಡಿ."

ಅಳಿಯ ಜಗಳಕ್ಕೆಂದು ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. "ನಾಳೆ ಗಾಡಿ ಕಳಿಸ್ತೀನಿ. ಬರ್ತೀನತ್ತೆ" ಎಂದು ಹೊರಟ.

ಅವಳು ಬಾಗಿಲಿಗೆ ಬಂದು ನಿಂತಳು. ಇಬ್ಬರೂ ಬೇರೆಯಾದ ಮೇಲೆಯೇ ದೇವರು ಅಬ್ರಹಾಮನಿಗೆ ಕಣ್ಣೆತ್ತಿ ನಾಲ್ಕೂ ದಿಕ್ಕು ನೋಡು ಎಂದದ್ದು. ಅವಳೂ ನೋಡಿದಳು. ಮಹಡಿಗಳ ಮೇಲೆ, ಕಿಟಕಿಗಳ ಕೆಳಗೆ, ಓಣಿಯ ಉದ್ದಕ್ಕೂ ಹಗ್ಗಗಳು. ಹಗ್ಗಗಳ ತುಂಬ ಬಟ್ಟೆ.

"ರೀ, ಈ ಊರಲ್ಲಿ ಬಟ್ಟೆ ಕೊಳೆ ಮಾಡಿಕೊಳ್ಳದ ಒಂದು ಮನೆ ತೋರಿಸಿ ನೋಡೋಣ" ಎಂದಳು. "ಎಲ್ಲ ನಮ್ಮದೇ ಸೀಮೆ. ಎದುರು ಮನೆಯವರ ಪರದೆಗಳು ಒಗೆತ ಕಂಡು ಯಾವ ಕಾಲವಾಯ್ತೋ! ಮಧ್ಯಾಹ್ನ ಹೋಗಿ ಕೇಳ್ತೀನಿ."

ಅಳಿಯ ಅಷ್ಟರಲ್ಲಿ ತಿರುವು ದಾಟಿದ್ದ.

ಮರುದಿನ ಗಾಡಿ ಬಂತು, ಅವನ ಆಳುಗಳು ಬಂದರು. "ಯಜಮಾನ್ರು ಕೇಳಿದ್ರು, ರೋಲರಿಗೆ ಬಿಸಿ ಎಷ್ಟು ಕೊಡಬೇಕಂತೆ?" ಎಂದ ಒಬ್ಬ. ಅವಳು ಹೇಳಿದಳು. ಅವನು ಮರೆತಾನೆಂದು ಇನ್ನೊಂದು ಸಲ ಬಿಡಿಸಿ ಹೇಳಿದಳು. ಗಾಡಿ ಹೋಯಿತು. ಅಳಿಯ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.