ಹುರಿಯದ ಪುಡಿ

ಪರದೇಶದ ಹೈರಿಡ್ಜ್ ಬಡಾವಣೆಯ ಕನ್ನಡದ ಮನೆಗಳಲ್ಲಿ ಹುಳಿಪುಡಿ ಅಂದರೆ ಪಾರ್ವತಿ, ಪಾರ್ವತಿ ಅಂದರೆ ಹುಳಿಪುಡಿ. ಅಂಥವಳಿಗೆ ಈಗ ಮುಖಭಂಗವಾಗಿತ್ತು. ಮೇಲಿನ ಮನೆಯ ಸಲ್ವಾ ಟ್ಯುನೀಷಿಯಾದವಳು. ತವರಿಂದ ತಂದ ತಾಬಿಲ್ ಪುಡಿ ಮುಗಿದಿದೆ, ಅಮ್ಮ ಬರುವವರಿದ್ದಾರೆ, ತಾಬಿಲ್ ಇಲ್ಲದ ಅಡುಗೆಯನ್ನು ಅವರು ಮುಟ್ಟುವುದಿಲ್ಲ ಎಂದು ಅವಳು ಪೇಚಾಡಿದ್ದಳು. ಕೊತ್ತಂಬರಿ ಬೀಜ, ಶಾಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಇಷ್ಟೇ ತಾನೆ, ನಾನು ಮಾಡಿಕೊಡ್ತೀನಿ ಎಂದು ಪಾರ್ವತಿ ಮಾತು ಕೊಟ್ಟುಬಿಟ್ಟಳು. ಮಾಡಿಯೂ ಕೊಟ್ಟಳು. ಸಲ್ವಾ ಮೂಸಿ, "ಚೆನ್ನಾಗಿದೆ, ಅಸಾಂಟೆ" ಎಂದು ಅಲ್ಲಿನ ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿದಳು. ಆ "ಚೆನ್ನಾಗಿದೆ" ಎಂಥದ್ದೆಂದು ಅಡುಗೆ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಲ ಇನ್ನೂ ಹದವಾಗಿ ಹುರಿದಳು. ಅದೂ ಕೆಟ್ಟಿತು. ಕೊನೆಗೆ ಬಿಗುಮಾನ ಬಿಟ್ಟು, "ನಿಮ್ಮಮ್ಮ ಹೇಗೆ ಹುರೀತಾರೆ?" ಎಂದು ಕೇಳಿದಳು.

"ಹುರಿಯೋದಾ? ಬಿಸಿಲಲ್ಲಿ ಒಣಗಿಸ್ತಾರೆ, ಅಷ್ಟೇ."

ಪಾರ್ವತಿ ಹಣೆ ಚಚ್ಚಿಕೊಂಡಳು. ಹುಳಿಪುಡಿ ಮಾಡಿ ಪಳಗಿದ ಕೈ, ಬಾಣಲೆ ಕಂಡರೆ ಸುಮ್ಮನಿರಬೇಕಲ್ಲ!

ಬಿಸಿಲೇನೋ ಧಾರಾಳವಾಗಿತ್ತು. ಆದರೆ ಬಾಲ್ಕನಿಯಲ್ಲಿ ತಟ್ಟೆ ಇಟ್ಟರೆ ಪಕ್ಕದ ಸಿಟಿ ಪಾರ್ಕಿನ ಕೋತಿಗಳು ಬಿಟ್ಟಾವೆಯೇ? ಮೊದಲ ದಿನವೇ ಎಲ್ಲ ಚೆಲ್ಲಾಪಿಲ್ಲಿ. ಮರುದಿನ ಬೆಳಗ್ಗೆ ಗಂಡ ಮಧುಕರ ಆಫೀಸಿಗೆ ಹೊರಟು ಕಾರಿನ ಬಾಗಿಲು ತೆಗೆದರೆ, ಹಿಂದಿನ ಗಾಜಿನಡಿ ಉಪ್ಪು ಸವರಿದ ಬೆಳ್ಳುಳ್ಳಿ ಚೂರುಗಳ ತಟ್ಟೆ.

"ಏನೇ ಇದು? ಇವತ್ತು ಡೈರೆಕ್ಟರ್ ಇದೇ ಕಾರಲ್ಲಿ ಬರ್ತಾರೆ!"

"ಬರ್ಲಿ ಬಿಡ್ರೀ. ಬಿಸಿಲಲ್ಲೇ ಪಾರ್ಕ್ ಮಾಡಿ. ಗ್ಲಾಸ್ ಒಂದು ಬೆರಳು ಇಳಿಸಿಡಿ, ತೇವ ಹೋಗ್ಲಿ."

ಔಷಧಿ ಕಾರ್ಖಾನೆಯ ಮ್ಯಾನೇಜರಾದ ಮಧುಕರ ನಾಲ್ಕು ದಿನ ಬೆಳ್ಳುಳ್ಳಿ ನಾತದಲ್ಲಿ ಓಡಾಡಿದ. ಐದನೆಯ ದಿನ ಚೂರುಗಳು ಕಟಕ್ಕೆಂದು ಮುರಿದವು. ಒಲೆಯ ಕಡೆ ತಿರುಗಿಯೂ ನೋಡದೆ ಪಾರ್ವತಿ ಎಲ್ಲವನ್ನೂ ಪುಡಿ ಮಾಡಿದಳು.

ಸಲ್ವಾಳ ಅಮ್ಮ ಬಂದ ಭಾನುವಾರ ಪಾರ್ವತಿಗೂ ಊಟಕ್ಕೆ ಕರೆ ಬಂತು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು ತಟ್ಟನೆ ಕೈ ನಿಲ್ಲಿಸಿದರು. ಅಜ್ಜಿ ಎದ್ದು ಅಡುಗೆಮನೆಗೆ ಹೋಗಿ, ಪುಡಿಯ ಡಬ್ಬಿ ಹುಡುಕಿ ತಂದು, ಮೂಸಿ, ಮಗಳ ಮೇಲೆ ಅರಬ್ಬಿಯಲ್ಲಿ ರೇಗಿದರು.

ಸಲ್ವಾ ನಕ್ಕೂ ನಕ್ಕೂ ಸುಸ್ತಾದಳು. "ಇದು ನಮ್ಮೂರಿಂದು, ಮುಗೀತು ಅಂತ ನನಗೆ ಸುಳ್ಳು ಹೇಳಿದೆಯಾ ಅಂತ ಬೈತಿದ್ದಾರೆ!" ಎಂದು ಪಾರ್ವತಿಗೆ ಹೇಳಿ, ಅಮ್ಮನಿಗೆ ಪಾರ್ವತಿಯನ್ನು ತೋರಿಸಿದಳು.

ಅಜ್ಜಿ ನಂಬಲಿಲ್ಲ. ಇವಳ ತಾಯಿ ನಮ್ಮ ಕಡೆಯವಳೇ ಇರಬೇಕು, ಯಾವ ಊರು ಕೇಳು ಎಂದರು.

"ಮಂಡ್ಯ!" ಎಂದಳು ಪಾರ್ವತಿ. ಅವಳ ಖುಷಿಗೆ ಪಾರವೇ ಇರಲಿಲ್ಲ.

ಅಜ್ಜಿ ಡಬ್ಬಿಯ ಮುಚ್ಚಳ ಬಿಗಿಮಾಡಿ, ಟ್ಯುನೀಷಿಯಾಕ್ಕೆ ಒಯ್ಯಲು ತಮ್ಮ ಸೂಟ್‌ಕೇಸಿನಲ್ಲಿ ಇಟ್ಟುಕೊಂಡರು.