ದೋಣಿಯ ಬಾಡಿಗೆ, ಫೂಟಿಗೆ ನೂರಾಹತ್ತು

ಇಚಲಕರಂಜಿಯ ಶಹಾಪುರದಲ್ಲಿ ಎಂಟು ಮಗ್ಗಗಳ ಶೆಡ್ಡಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಕಾಂಚನ ಬಟ್ಟೆಯ ಚೀಲಗಳನ್ನು ಹೊಲಿಯುತ್ತಿದ್ದಾಗ ಆ ಫೋನು ಬಂತು. ಮಗ್ಗದ ಸದ್ದಿನಲ್ಲಿ ಏನೂ ಕೇಳಿಸದೆ ಆಕೆ ಹಿತ್ತಲಿಗೆ ಹೋಗಿ, ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಳು.

"ಕಾಂಚನಾ ವೈನಿ ಏನ್ರಿ? ನಾ ಗಡಹಿಂಗ್ಲಜದ ಬೋಟ್ ಕ್ಲಬ್ಬಿಂದ ಸಿದ್ಧಲಿಂಗ ಮಾತಾಡಾಕತ್ತೇನಿ. ಮಳಿಗಾಲ ಬಂತಲ್ರಿ, ನಿಮ್ಮ ದೋಣಿ ಮ್ಯಾಲ ಶೆಡ್ಡಿಗೆ ಎಳಿಬೇಕು. ಅದರ ಚಾರ್ಜ್ ಬ್ಯಾರೆ ಆಗತೈತಿ. ಹೂಂ ಅಂದ್ರ ಎಳೀತೇವ್ರಿ."

"ಯಾರ ದೋಣಿ?"

"ನಿಮ್ದರೀ. ಕಾಂಚನ ಜಿನಗೊಂಡ ಮಗದುಮ್ ಅಂತ ಬರದೈತಿ. ನೀಲಿದು. ಒಂಬತ್ತ ತಿಂಗಳಾತು, ಇಲ್ಲೇ ಐತಲ್ರಿ!"

ರಾಂಗ್ ನಂಬರ್ ಎನ್ನಬೇಕೆಂದು ಕಾಂಚನಳ ಬಾಯಿಗೆ ಬಂದಿತ್ತು. ಆದರೆ ಆ ಹೆಸರು ಅವಳದೇ, ಗಂಡನ ಹೆಸರು ಅವಳ ಗಂಡನದೇ, ಅಡ್ಡಹೆಸರೂ ಅವರದೇ. "ತಡೀರಿ, ಕೇಳಿ ಹೇಳತೇನಿ" ಎಂದು ಫೋನು ಇಟ್ಟಳು. ಐವತ್ತರ ಹತ್ತಿರ ಬಂದರೂ ಆಕೆ ಒಮ್ಮೆಯೂ ದೋಣಿಯಲ್ಲಿ ಕಾಲಿಟ್ಟವಳಲ್ಲ.

ಮಧ್ಯಾಹ್ನ ಜಿನಗೊಂಡ ಊಟಕ್ಕೆ ಕೂತ. ಕಾಂಚನ ಮೊದಲು ರೊಟ್ಟಿ ಬಡಿಸಿದಳು, ಆಮೇಲೆ ಬದನೆಕಾಯಿ ಪಲ್ಯ, ಆಮೇಲೆ ಮಾತು.

"ರೀ, ಗಡಹಿಂಗ್ಲಜದಾಗ ನಂದೊಂದ ದೋಣಿ ಐತಂತ. ನಿಮಗೇನರ ಗೊತ್ತೈತೇನು?"

ರೊಟ್ಟಿಯ ತುಣುಕು ಹಿಡಿದ ಜಿನಗೊಂಡನ ಕೈ ಪಲ್ಯದ ಹತ್ತಿರವೇ ನಿಂತುಬಿಟ್ಟಿತು. ನೇರವಾಗಿ ಕೇಳಿದರೆ ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಅದಕ್ಕೇ ಒಂಬತ್ತು ತಿಂಗಳಿಂದ ಸುಮ್ಮನಿದ್ದ. ಈಗ ಕೇಳಿದ ಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹಿಂದಿನ ವರ್ಷ ಮಗ್ಗದವರೆಲ್ಲ ಸೇರಿ ಮಾಲವಣಕ್ಕೆ ಹೋಗಿದ್ದರಲ್ಲ, ಅಲ್ಲಿ ಸಮುದ್ರದ ದಂಡೆಯ ಒಂದು ಹೋಟೆಲು ಮುಚ್ಚುತ್ತಿತ್ತು. ಅದರ ಫೈಬರ್ ದೋಣಿ ಅಗ್ಗಕ್ಕೆ ಸಿಕ್ಕಿತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಹಾಗಾಗಿ ಕಾಂಚನಳ ಹೆಸರು, ಫೋನ್ ನಂಬರು ಬರೆಸಿಯೇ ಕೊಂಡ. ಘಟ್ಟ ಹತ್ತಿ ಬರುವಷ್ಟರಲ್ಲಿ ಧೈರ್ಯ ಕರಗಿತು. ಮನೆಗೆ ಸೀರೆ ತಂದುಕೊಟ್ಟ. ದೋಣಿಯ ಮಾತು ಎತ್ತಲಿಲ್ಲ.

"ಆ ಸೀರಿ ದೋಣಿ ಮುಚ್ಚಾಕ ತಂದಿದ್ರೇನು?"

"ಹಂಗಲ್ಲ, ಕಾಂಚನಾ. ನಾ ಉದಗಾಂವದಾಗ ಹೊಳಿ ದಂಡಿಗೇ ಬೆಳದಾಂವ. ಸಣ್ಣಾಂವ ಇದ್ದಾಗ ದಿನಾ ನಾವ್ಯಾಗ ಕೂಡತಿದ್ದೆ. ಇಲ್ಲಿಗೆ ಬಂದ ಮ್ಯಾಲ ಬರೇ ಮಗ್ಗ ಆತು."

"ನಾವ ಮೀನ ಹಿಡಿಯೋರಲ್ಲ, ತಿನ್ನೋರಲ್ಲ. ದೋಣಿ ತಗೊಂಡ ಏನ ಮಾಡೋದ್ರಿ?"

"ಕೂಡೋದು."

"ಮನ್ಯಾಗ ಕುರ್ಚಿ ಇಲ್ಲೇನು?"

ಜಿನಗೊಂಡ ದೋಣಿ ಇಡಲು ಜಾಗ ಹುಡುಕಿದ ಕಥೆ ಹೇಳತೊಡಗಿದ. ಪಂಚಗಂಗೆಯಲ್ಲಿ ಬಿಡೋಣವೆಂದರೆ ದಂಡೆಯ ತನಕ ಜಲಪರ್ಣಿ ಕಳೆ ಹಬ್ಬಿತ್ತು. ಶೆಡ್ಡಿನಲ್ಲಿ ನೂಲಿನ ಗಂಟು ಇಡಲಿಕ್ಕೇ ಜಾಗವಿಲ್ಲ. ಕೊಲ್ಹಾಪುರದಲ್ಲಿ ಕೇಳಿದರೆ ಖಾಸಗಿ ದೋಣಿ ಇಟ್ಟುಕೊಳ್ಳುವವರೇ ಸಿಗಲಿಲ್ಲ. ಕಡೆಗೆ ಗಡಹಿಂಗ್ಲಜದ ಆಚೆ, ಒಂದು ಸಣ್ಣ ಜಲಾಶಯದ ದಂಡೆಯಲ್ಲಿ ಈ ಕ್ಲಬ್ಬು ಸಿಕ್ಕಿತು. ಅಲ್ಲಿ ದೋಣಿ ಇಡಲು ಫೂಟಿಗೆ ತಿಂಗಳಿಗೆ ನೂರಾಹತ್ತು ರೂಪಾಯಿ. ದೋಣಿ ಹದಿನೇಳು ಫೂಟು. ಮೇಲೆ ಹೊದಿಕೆಯ ಬಾಡಿಗೆ ಮುನ್ನೂರು.

"ತಿಂಗಳಿಗೆ ಎರಡ ಸಲ ನೂಲಿನ ದಲಾಲಿ ಕಡೆ ಹೊಂಟೇನಿ ಅಂತಿದ್ರಲ್ಲ, ಅದು?"

"ಅಲ್ಲಿಗೇ ಹೋಗತಿದ್ದೆ" ಎಂದ ಜಿನಗೊಂಡ. ಕಾಂಚನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂಬತ್ತು ತಿಂಗಳಿಗೆ ಹತ್ತೊಂಬತ್ತೂವರೆ ಸಾವಿರ! ಇಷ್ಟು ಉಳಿಯಬೇಕಾದರೆ ಎಷ್ಟು ಚೀಲ ಹೊಲಿಯಬೇಕು ಎಂಬುದು ಅವಳ ಬೆರಳುಗಳಿಗೆ ಗೊತ್ತಿತ್ತು.

"ಸೂಟಿ ದಿನ ಹೋಗೂಣು. ಮಾರಿ ಬರೂಣು" ಎಂದಳು.

ಮಗ್ಗಕ್ಕೆ ರಜೆಯಿದ್ದ ದಿನ ಗಂಡ ಹೆಂಡತಿ ಬೆಳಗಿನ ತಂಪಿನಲ್ಲೇ ಬೈಕಿನ ಮೇಲೆ ಹೊರಟರು. ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜದ ದಾರಿ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಲ್ಲಿಸಲೇನು ಎಂದು ಜಿನಗೊಂಡ ಕೇಳಿದ್ದಕ್ಕೆ, ಮೊದಲು ದೋಣಿ ಮಾರಿ ಆಮೇಲೆ ಚಹಾ ಎಂದಳು ಕಾಂಚನ.

ಕ್ಲಬ್ಬು ಎಂದರೆ ನೀರಿಗೆ ಇಳಿಯುವ ಒಂದು ಸಿಮೆಂಟಿನ ಇಳಿಜಾರು, ದೊಡ್ಡದೊಂದು ತಗಡಿನ ಶೆಡ್ಡು, ಇಪ್ಪತ್ತೆರಡು ದೋಣಿ. ಫೋನು ಮಾಡಿದ್ದ ಸಿದ್ಧಲಿಂಗ ಗ್ರೀಸು ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತ ಬಂದು, ಮೂಲೆಯಲ್ಲಿದ್ದ ನೀಲಿ ದೋಣಿ ತೋರಿಸಿದ. ಮೇಲಿನ ಪ್ಲಾಸ್ಟಿಕ್ ಹಾಳೆ ಮೂರು ಕಡೆ ಹರಿದಿತ್ತು. ಮುಂಗಾರಿಗೆ ಮುಂಚಿನ ಮಳೆಯ ನೀರು ಒಳಗೆ ನಿಂತಿತ್ತು. ಅದರಲ್ಲೊಂದು ಕಪ್ಪೆ ಆರಾಮಾಗಿ ಕೂತಿತ್ತು.

"ಮುನ್ನೂರ ರೂಪಾಯಿ ಹೊದಿಕಿ ಇದ ಏನ್ರಿ?" ಎಂದಳು ಕಾಂಚನ. ಸಿದ್ಧಲಿಂಗ ಹರಿದ ಹಾಳೆಯನ್ನು ಎಳೆದು ಸರಿಮಾಡಲು ನೋಡಿದ.

ಆಕೆ ಚೀಲದಿಂದ ಹೊಲಿಗೆಯ ಟೇಪು ತೆಗೆದು ದೋಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದಳು. ಟೇಪು ಐದು ಫೂಟಿನದು. ಮತ್ತೆ ಮತ್ತೆ ಬೆರಳಿಟ್ಟು ಗುರುತು ಮಾಡಿಕೊಂಡು ಎರಡು ಸಲ ಅಳೆದಳು. ಹನ್ನೆರಡೂವರೆ ಫೂಟು.

ಅಷ್ಟರಲ್ಲಿ ಕ್ಲಬ್ಬಿನ ಮಾಲೀಕ ಕಾಕಾಸಾಹೇಬರು ಬಂದರು. ಸಕ್ಕರೆ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು, ಬಿಳಿ ಅಂಗಿ, ಬಿಳಿ ಟೋಪಿ, ದೊಡ್ಡ ದನಿ.

"ಹದಿನೇಳು ಹೆಂಗಾತ್ರಿ? ಅಳದ ನೋಡ್ರಿ" ಎಂದಳು ಕಾಂಚನ.

"ದೋಣಿ ಅಷ್ಟ ಅಲ್ಲ ವೈನಿ, ಟ್ರಾಲಿ ಹಿಡದ ಅಳೀತೇವಿ" ಎಂದರು ಕಾಕಾಸಾಹೇಬರು. ದೋಣಿ ಕೂತಿದ್ದ ಗಾಡಿಯ ಮುಂದೆ ಉದ್ದಕ್ಕೆ ಚಾಚಿದ್ದ ಎಳೆಯುವ ದಂಡವನ್ನು ತೋರಿಸಿದರು. "ನಿಯಮ ಅಂದ್ರ ನಿಯಮ. ಎಷ್ಟ ಜಾಗಾ ಹಿಡೀತೈತಿ, ಅಷ್ಟರ ಬಾಡಿಗಿ. ಫಳ್ಯಾ ಮ್ಯಾಲ ಬರಸೇನಿ."

ಫಲಕದ ಮೇಲೆ ಹಾಗೇ ಬರೆದಿತ್ತು. ಕಾಂಚನ ಅದನ್ನು ಒಂದಕ್ಷರ ಬಿಡದೆ ಓದಿದಳು. ಆಗ ಸಿದ್ಧಲಿಂಗ ನೀರಿನ ಕಡೆ ಮುಖ ಮಾಡಿ, ಯಾರಿಗೂ ಹೇಳದವನ ಹಾಗೆ ಅಂದ, "ಆ ದಂಡಕ್ಕ ಒಂದ ಪಿನ್ ಐತ್ರಿ. ತಗದ್ರ ದಂಡ ಬಿಚ್ಚತೈತಿ."

ಕಾಂಚನ ಬಗ್ಗಿ ಪಿನ್ ಹುಡುಕಿದಳು. ತುಕ್ಕು ಹಿಡಿದಿತ್ತು. ಜಿನಗೊಂಡ ಕಲ್ಲಿನಿಂದ ನಾಲ್ಕು ಏಟು ಹಾಕಿದ. ದಂಡ ಕಳಚಿ ಬಿತ್ತು. ಕಾಂಚನ ಅದನ್ನು ದೋಣಿಯ ಅಡಿಗೆ ತಳ್ಳಿ, ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತಳು.

"ಈಗ ಎಷ್ಟ ಜಾಗಾ ಹಿಡದೈತ್ರಿ?"

ಕಾಕಾಸಾಹೇಬರು ಮೊದಲು ಸಿದ್ಧಲಿಂಗನನ್ನು ಕೆಕ್ಕರಿಸಿ ನೋಡಿದರು. ಆಮೇಲೆ ಹೊಟ್ಟೆ ಅಲುಗುವಂತೆ ನಕ್ಕುಬಿಟ್ಟರು. "ಹನ್ನೆರಡೂವರೆ! ಆತ್ರಿ, ಹಿಂದಿನ ರೊಕ್ಕಾ ತಿರಗಿ ಕೊಡಾಂಗಿಲ್ಲ. ಇವತ್ತಿಂದ ಹನ್ನೆರಡೂವರೆನ ಖರೆ."

"ನಾಳಿಂದ ಅದೂ ಬ್ಯಾಡ್ರಿ. ಮಾರಾಕ ಬಂದೇವಿ."

"ಮಾರೋಕಿಂತ ಮೊದಲ ಒಮ್ಮೆ ಕುಂತ ನೋಡ್ರಿ ವೈನಿ" ಎಂದ ಸಿದ್ಧಲಿಂಗ. "ತಗೊಳ್ಳೋರು ಹೆಂಗ ನಡೀತೈತಿ ಅಂತ ಕೇಳತಾರ. ಏನಂತ ಹೇಳತೀರಿ?"

ಮಾತು ವ್ಯಾಪಾರಕ್ಕೆ ಸರಿಯಾಗಿತ್ತು. ಕಪ್ಪೆಯನ್ನು ಹುಷಾರಾಗಿ ಹುಲ್ಲಿಗೆ ಬಿಟ್ಟು, ನೀರು ಚೆಲ್ಲಿ, ದೋಣಿಯನ್ನು ಇಳಿಸಿದರು. ಕಾಂಚನ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಎರಡೂ ಕೈಯಿಂದ ಅಂಚನ್ನು ಬಿಗಿ ಹಿಡಿದು ಕೂತಳು. ಎದುರಿಗೆ ಕೂತ ಜಿನಗೊಂಡ ಹುಟ್ಟು ಹಾಕತೊಡಗಿದ. ದಂಡೆ ದೂರ ಸರಿಯಿತು. ಆಕೆ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡಳು.

ನಡುನೀರಿಗೆ ಬಂದು ಅವನು ಹುಟ್ಟು ನಿಲ್ಲಿಸಿದ.

ಏನೋ ಆಗಿದೆ ಎನ್ನಿಸಿ ಕಾಂಚನ ಕಣ್ಣು ಬಿಟ್ಟಳು. ಏನೂ ಆಗಿರಲಿಲ್ಲ. ದೋಣಿಯ ಬದಿಗೆ ನೀರು ಮೆಲ್ಲಗೆ ತಟ್ಟುತ್ತಿತ್ತು. ಎಲ್ಲೋ ಆಚೆ ದಂಡೆಯಲ್ಲಿ ಒಬ್ಬಾತ ಎಮ್ಮೆಯನ್ನು ಕರೆಯುತ್ತಿದ್ದ, ಅವನು ಬೈದ ಬೈಗುಳ ಕೂಡ ಬಿಡಿಬಿಡಿಯಾಗಿ ಕೇಳಿತು. ಮದುವೆಯಾಗಿ ಶಹಾಪುರಕ್ಕೆ ಬಂದ ದಿನದಿಂದ ಅವಳ ಕಿವಿಯಲ್ಲಿ ಮಗ್ಗ ಬಡಿಯುತ್ತಲೇ ಇತ್ತು. ತಮ್ಮದು ನಿಂತರೆ ಪಕ್ಕದ ಮನೆಯದು, ಅದು ನಿಂತರೆ ಹಿಂದಿನ ಓಣಿಯದು. ಜೋರಾಗಿ ಮಾತಾಡುವುದೇ ಮನೆಯ ರೂಢಿಯಾಗಿತ್ತು. ಇಷ್ಟು ವರ್ಷದಲ್ಲಿ ಗಂಡ ಮೆಲ್ಲಗೆ ಮಾತಾಡಿದ್ದನ್ನು ಆಕೆ ಕೇಳಿಯೇ ಇರಲಿಲ್ಲ.

"ಹೆಂಗ ಅನಸ್ತೈತಿ?" ಎಂದು ಅವನು ಈಗ ಮೆಲ್ಲಗೆ ಕೇಳಿದ.

"ಸುಮ್ಮ ಕೂಡ್ರಿ" ಎಂದಳು ಕಾಂಚನ. "ಮಾತಾಡಬ್ಯಾಡ್ರಿ."

ಅರ್ಧ ತಾಸು ಹಾಗೇ ಕೂತಿದ್ದರು. ಆಮೇಲೆ ಆಕೆ ಹುಟ್ಟು ಕೇಳಿ ಇಸಿದುಕೊಂಡಳು. ಮೊದಲಿಗೆ ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ಜಿನಗೊಂಡನ ಟೋಪಿ ನೀರಿಗೆ ಹಾರಿತು. ಅದನ್ನು ಹಿಡಿಯಲು ಹೋಗಿ ಅವನ ತೋಳು ಪೂರ್ತಿ ತೊಯ್ದಿತು. ಕಾಂಚನ ಎಷ್ಟು ನಕ್ಕಳೆಂದರೆ ದಂಡೆಯಲ್ಲಿದ್ದ ಸಿದ್ಧಲಿಂಗ ಗಾಬರಿಯಾಗಿ ಎದ್ದು ನಿಂತ.

ದಂಡೆಗೆ ಬಂದವಳೇ ಆಕೆ ಕಾಕಾಸಾಹೇಬರ ಎದುರು ನಿಂತಳು. ಮಾರುವ ಮಾತು ಬರಲಿಲ್ಲ. "ಇಪ್ಪತ್ತೆರಡ ದೋಣಿಗೂ ಇಂಥಾ ಹರಕ ಹಾಳಿನ ಏನ್ರಿ?"

"ಏನ ಮಾಡೋದು ವೈನಿ, ವರ್ಷಾ ತರತೇನಿ, ವರ್ಷಾ ಹರೀತಾವ."

"ನಾ ಹೊಲದ ಕೊಡತೇನಿ. ದಪ್ಪ ಬಟ್ಟಿಗೆ ನಮ್ಮೂರಾಗ ನೀರ ಇಳೀದಂಗ ಕೋಟಿಂಗ್ ಮಾಡಸಿ, ಒಂದೊಂದ ದೋಣಿ ಅಳತಿ ತಗೊಂಡ ಹೊಲೀತೇನಿ. ಹೊಲದದ್ದಕ್ಕ ರೊಕ್ಕಾ ಕೊಡ್ರಿ, ನಮ್ಮ ದೋಣಿಗೆ ಎರಡ ವರ್ಷ ಬಾಡಿಗಿ ಬಿಡ್ರಿ."

"ಮೊದಲ ಒಂದ ಹೊಲದ ತರ‍್ರಿ. ಒಂದ ಹನಿ ಒಳಗ ಬರಬಾರದು."

ಒಂದು ವಾರದಲ್ಲಿ ಮೊದಲನೆಯ ಹೊದಿಕೆ ಬಂತು. ಪರೀಕ್ಷೆಗೆ ಕಾಕಾಸಾಹೇಬರು ತಾವೇ ದೋಣಿಯೊಳಗೆ ಮಲಗಿದರು. ಹೊದಿಕೆ ಕಟ್ಟಿ, ಸಿದ್ಧಲಿಂಗ ಪೈಪಿನಿಂದ ನೀರು ಬಿಟ್ಟ. ಎರಡು ನಿಮಿಷವಾಗುವಷ್ಟರಲ್ಲಿ ಒಳಗಿಂದ "ಅರೇ ಥಾಂಬ! ನಿಲ್ಲಸೋ!" ಎಂಬ ಕೂಗು ಕೇಳಿತು. ಬಟ್ಟೆ ಗಟ್ಟಿಯಾಗಿತ್ತು, ಸೂಜಿಯ ತೂತುಗಳು ಸೋರಿದ್ದವು. ಎದ್ದು ಬಂದ ಕಾಕಾಸಾಹೇಬರ ಬಿಳಿ ಅಂಗಿಯ ಮೇಲೆ ಹೊಲಿಗೆಯ ಗೆರೆ ನೇರವಾಗಿ ನೀರಿನಲ್ಲಿ ಮೂಡಿತ್ತು.

ಕಾಂಚನಳಿಗೆ ನಾಚಿಕೆಯಾಯಿತು. ವಾಪಸು ಬರುವಾಗ ಕಣ್ಣಲ್ಲಿ ನೀರೂ ಬಂತು. ಆದರೆ ಮರುದಿನ ಅವಳ ಜೊತೆ ಹೊಲಿಯುವ ಚನ್ನವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಚ ಎರಡ ಸಲ ಮಡಚಿ, ಒಳಗಿಂದ ಪಟ್ಟಿ ಅಂಟಿಸೂಣ ಬಾ" ಎಂದಳು. ಇಬ್ಬರೂ ಹೊಲಿಗೆಗಳನ್ನೆಲ್ಲ ಬಿಚ್ಚಿ ಮೂರು ದಿನ ಕೂತರು.

ಎರಡನೆಯ ಸಲ ಕಾಕಾಸಾಹೇಬರು ಹಳೇ ಬನಿಯನ್ ತೊಟ್ಟು ಬಂದು ಮಲಗಿದರು. ಸಿದ್ಧಲಿಂಗ ಹತ್ತು ನಿಮಿಷ ನೀರು ಬಿಟ್ಟ. ಒಳಗಿಂದ ಸದ್ದೇ ಇಲ್ಲ. ಗಾಬರಿಯಿಂದ ಹೊದಿಕೆ ಬಿಚ್ಚಿ ನೋಡಿದರೆ ಅವರಿಗೆ ನಿದ್ದೆ ಹತ್ತಿತ್ತು.

ಆಷಾಢ ಕಳೆಯುವಷ್ಟರಲ್ಲಿ ಇಪ್ಪತ್ತೆರಡೂ ಹೊದಿಕೆಗಳು ತಯಾರಾದವು, ನೀಲಿ ದೋಣಿಯ ಎರಡು ವರ್ಷದ ಬಾಡಿಗೆಯೂ ಮಾಫಿಯಾಯಿತು. ಆ ವರ್ಷದ ಉಳಿದ ಮಳೆಯನ್ನು ದೋಣಿಗಳೆಲ್ಲ ಒಣಗಿದ ಮೈಯಲ್ಲಿ ಕಳೆದವು. ಮತ್ತೊಂದು ಕೆರೆಯ ಬೋಟ್ ಕ್ಲಬ್ಬಿನವರು ಫೋನು ಮಾಡಿ ದರ ಕೇಳಿದರು.

ದಸರಾ ಮುಗಿದ ಮೇಲೆ ಹೊಲಿಗೆಯ ಕೋಣೆಯ ಹೆಣ್ಣುಮಕ್ಕಳು ಒಂದೇ ಹಟ ಹಿಡಿದರು: ಇಷ್ಟು ಹೊದಿಕೆ ಹೊಲಿದೆವು, ಒಂದು ದೋಣಿಯನ್ನೂ ಕಣ್ಣಿಂದ ಕಂಡಿಲ್ಲ. ರಜೆಯ ದಿನ ಒಂದು ಗಾಡಿ ಮಾಡಿಕೊಂಡು ಎಲ್ಲರೂ ಹೋದರು. ನೀಲಿ ದೋಣಿಯಲ್ಲಿ ನಾಲ್ಕೇ ಜನ ಕೂಡಬಹುದಿತ್ತು. ಚನ್ನವ್ವ ಮತ್ತು ಇನ್ನಿಬ್ಬರು ಹತ್ತಿದರು. ಹುಟ್ಟು ಕಾಂಚನಳ ಕೈಯಲ್ಲಿತ್ತು.

"ನಾನು?" ಎಂದ ಜಿನಗೊಂಡ.

"ಜಾಗಾ ಇಲ್ಲರಿ. ಚಪ್ಪಲಿ ನೋಡಕೋತ ಕೂಡ್ರಿ" ಎಂದು ಕಾಂಚನ ದೋಣಿಯನ್ನು ನೀರಿಗೆ ತಳ್ಳಿಸಿಕೊಂಡಳು.

ಜಿನಗೊಂಡ ಕಾಕಾಸಾಹೇಬರ ಪಕ್ಕ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ದೋಣಿ ಈಗ ಗಿರಕಿ ಹೊಡೆಯಲಿಲ್ಲ, ಆಚೆ ದಂಡೆಯ ಕಡೆಗೆ ನೆಟ್ಟಗೆ ಹೊರಟಿತ್ತು. ನಾಲ್ವರ ನಗು ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳಿಬರುತ್ತಿತ್ತು.